ಒಂದೇ ಪಾಕ, ಹಲವು ಅಚ್ಚು: ಹೆಸರು ಬೇರೆಯಾದರೂ ಆಪ್ ಒಂದೇ!

ಸಂಕ್ರಾಂತಿಯ ಹೊತ್ತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಎರೆಯುವುದನ್ನು ಕಂಡವರಿಗೆ ಈ ಲೇಖನದ ವಿಷಯ ಅರ್ಧ ತಿಳಿದಂತೆಯೇ. ಒಲೆಯ ಮೇಲೆ ಕುದಿಯುವುದು ಒಂದೇ ಪಾಕ. ಅದನ್ನು ಒಂದು ಮರದ ಅಚ್ಚಿಗೆ ಹೊಯ್ದರೆ ಕುದುರೆ, ಇನ್ನೊಂದಕ್ಕೆ ಹೊಯ್ದರೆ ಗಿಳಿ, ಮತ್ತೊಂದಕ್ಕೆ ಹೊಯ್ದರೆ ತುಳಸಿಕಟ್ಟೆ. ತಟ್ಟೆಯಲ್ಲಿ ಜೋಡಿಸಿಟ್ಟಾಗ ಒಂದಕ್ಕೊಂದು ಹೋಲಿಕೆಯಿಲ್ಲ; ಬಾಯಿಗಿಟ್ಟರೆ ರುಚಿ ಒಂದೇ.

ಮೊಬೈಲ್ ಲೋಕದಲ್ಲಿಯೂ ಇಂತಹ ಅಚ್ಚುಗಳು ಬೇಕಾದಷ್ಟಿವೆ. ಎರಡು ಊರುಗಳ ಎರಡು ಸಹಕಾರಿ ಬ್ಯಾಂಕುಗಳ ಆಪ್‌ಗಳನ್ನೋ, ಎರಡು ಖಾಸಗಿ ಶಾಲೆಗಳು ಪೋಷಕರಿಗೆ ಕೊಡುವ ಆಪ್‌ಗಳನ್ನೋ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಕೆಲವೊಮ್ಮೆ ಒಂದು ಸೋಜಿಗ ಎದುರಾಗುತ್ತದೆ. ಚಿಹ್ನೆ ಬೇರೆ, ಬಣ್ಣ ಬೇರೆ, ಹೆಸರು ಬೇರೆ. ಆದರೆ ಮೆನುವಿನ ಕ್ರಮ, ಗುಂಡಿಗಳ ಸ್ಥಾನ, ತಪ್ಪು ಗುಪ್ತಪದ ಒತ್ತಿದಾಗ ಬರುವ ಎಚ್ಚರಿಕೆಯ ಮಾತು, ಎಲ್ಲವೂ ಪದಶಃ ಒಂದೇ. ಒಬ್ಬರದನ್ನು ಇನ್ನೊಬ್ಬರು ಕದ್ದರೇ ಎಂದು ಸಂಶಯಪಡಬೇಕಾಗಿಲ್ಲ. ಒಂದೇ ತಂತ್ರಾಂಶ ಸಂಸ್ಥೆ ಒಂದೇ ಮೂಲ ಕೋಡ್‌ನಿಂದ ಹಲವು ಗ್ರಾಹಕರಿಗೆ ಅವರವರ ಹೆಸರಿನ ಆಪ್‌ಗಳನ್ನು ತಯಾರಿಸಿಕೊಡುವ ಪದ್ಧತಿ ಇದು.

ಉದ್ಯಮಕ್ಕೆ ಇದೇನೂ ಹೊಸತಲ್ಲ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ 2019ರಲ್ಲಿ ಮಾರುಕಟ್ಟೆಗೆ ತಂದ ಗ್ಲಾಂಜಾ ಕಾರು ಮೂಲತಃ ಮಾರುತಿ ಸುಝುಕಿಯ ಬಲೆನೋ. ಲಾಂಛನ ಬದಲಾಯಿತು, ಮಾರುವ ಮಳಿಗೆ ಬದಲಾಯಿತು. ಕಾರಿನ ಒಡಲು ಬದಲಾಗಲಿಲ್ಲ. ಕಾರಿನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಆಪ್‌ನಲ್ಲಿ ಕಾಣುವುದಿಲ್ಲ. ಕಾಣದೆ ಇರುವುದರಿಂದಲೇ ಅದರ ಲಾಭವೇನು, ಅಪಾಯವೇನು ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ. ಸ್ವಂತ ಹೆಸರಿನಲ್ಲಿ ಆಪ್ ಮಾಡಿಸಿಕೊಳ್ಳಲು ಹೊರಟಿರುವ ಸಂಘ ಸಂಸ್ಥೆಗಳಿಗಂತೂ ಇದು ದುಡ್ಡಿನ ಪ್ರಶ್ನೆ, ನಂಬಿಕೆಯ ಪ್ರಶ್ನೆ.

ಒಂದು ನಾಯಿ, ಒಂದು ಹಕ್ಕಿ

ವ್ಯಾಪಾರಿ ಸಂಸ್ಥೆಗಳು ತಮ್ಮ ಕೋಡ್ ಅನ್ನು ಹೊರಗಿನವರಿಗೆ ತೋರಿಸುವುದಿಲ್ಲ. ಆದ್ದರಿಂದ ಈ ಪದ್ಧತಿಯ ಒಳಗನ್ನು ನೋಡಬೇಕಾದರೆ ಮುಕ್ತ ತಂತ್ರಾಂಶಗಳ ಕಡೆಗೇ ಹೋಗಬೇಕು. ಅಲ್ಲಿ ಇದಕ್ಕೊಂದು ಸೊಗಸಾದ ಉದಾಹರಣೆಯಿದೆ: ಕೆ-9 ಮೇಲ್ ಮತ್ತು ಥಂಡರ್‌ಬರ್ಡ್.

ಆಂಡ್ರಾಯ್ಡ್ ಫೋನುಗಳು ಮಾರುಕಟ್ಟೆಗೆ ಕಾಲಿಟ್ಟ 2008ರಲ್ಲಿಯೇ, ಅದರೊಡನೆ ಬಂದಿದ್ದ ಇ-ಮೇಲ್ ಆಪ್ ಸಾಲದೆಂದು ಜೆಸ್ಸಿ ವಿನ್ಸೆಂಟ್ ಎಂಬ ತಂತ್ರಜ್ಞ ಅದರ ಮೂಲ ಕೋಡ್ ಅನ್ನು ತೆಗೆದುಕೊಂಡು ತಿದ್ದತೊಡಗಿದರು. ಹಾಗೆ ಹುಟ್ಟಿದ್ದು ಕೆ-9 ಮೇಲ್. ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ದೂರದರ್ಶನ ಧಾರಾವಾಹಿಯ ಯಂತ್ರನಾಯಿಯ ಹೆಸರು ಅದಕ್ಕೆ ಬಂತು. ಮುಂದೆ ಕ್ರಿಶ್ಚಿಯನ್ ಕೆಟ್ಟರರ್ ಅದರ ಹೊಣೆ ಹೊತ್ತರು. ಇತ್ತ 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಥಂಡರ್‌ಬರ್ಡ್ ಗಣಕಗಳಲ್ಲಿ ಮನೆಮಾತಾದ ಇ-ಮೇಲ್ ತಂತ್ರಾಂಶ. ಆದರೆ ಬಹುಕಾಲ ಅದಕ್ಕೊಂದು ಮೊಬೈಲ್ ರೂಪವೇ ಇರಲಿಲ್ಲ.

2022ರ ಜೂನ್‌ನಲ್ಲಿ ಥಂಡರ್‌ಬರ್ಡ್ ತಂಡ ಒಂದು ನಿರ್ಧಾರ ಪ್ರಕಟಿಸಿತು. ಮೊಬೈಲ್ ಆಪ್ ಅನ್ನು ಸೊನ್ನೆಯಿಂದ ಬರೆಯುವುದಿಲ್ಲ. ಕೆ-9 ಮೇಲ್ ತಮ್ಮ ಕುಟುಂಬಕ್ಕೆ ಸೇರಲಿದೆ. ಅದನ್ನೇ ಬೆಳೆಸಿ ಥಂಡರ್‌ಬರ್ಡ್ ಮಾಡಲಾಗುವುದು. 2024ರ ಅಕ್ಟೋಬರ್ 30ರಂದು ಆಂಡ್ರಾಯ್ಡ್‌ಗಾಗಿ ಥಂಡರ್‌ಬರ್ಡ್ ಬಿಡುಗಡೆಯಾಯಿತು. ಆದರೆ ಹಳೆಯ ನಾಯಿಯನ್ನು ಮನೆಯಿಂದ ಓಡಿಸಲಿಲ್ಲ. ಹದಿನಾರು ವರ್ಷಗಳಿಂದ ಆ ಹೆಸರನ್ನೂ ಆ ಚಿಹ್ನೆಯನ್ನೂ ನೆಚ್ಚಿಕೊಂಡ ಬಳಕೆದಾರರಿಗಾಗಿ ಕೆ-9 ಮೇಲ್ ಕೂಡ ಮುಂದುವರಿಯಿತು. ಎರಡು ಹೆಸರು, ಎರಡು ಚಿಹ್ನೆ. ಕೋಡ್ ಮಾತ್ರ ಒಂದೇ.

ಅಂಚೆಯ ಸರ್ವರ್‌ನೊಡನೆ ಮಾತನಾಡುವುದು, ಪತ್ರಗಳನ್ನು ತರುವುದು, ಹುಡುಕುವುದು, ಬರೆಯುವುದು, ಕಳುಹಿಸುವುದು, ಇವೆಲ್ಲ ಸಮಾನ ಭಾಗದಲ್ಲಿವೆ. ಅದರ ಮೇಲೆ ಎರಡು ತೆಳು ಪದರಗಳು: ಒಂದು ಕೆ-9ಕ್ಕೆ, ಒಂದು ಥಂಡರ್‌ಬರ್ಡ್‌ಗೆ. ಸಮಾನ ಭಾಗ ‘ನನ್ನ ಹೆಸರೇನು, ನನ್ನ ಬಣ್ಣ ಯಾವುದು’ ಎಂದು ಕೇಳುತ್ತದೆ. ಆಯಾ ಪದರ ಉತ್ತರ ಕೊಡುತ್ತದೆ. ಸಮಾನ ಭಾಗದಲ್ಲಿ ದೋಷವೊಂದು ಪತ್ತೆಯಾಗಿ ಸರಿಪಡಿಸಿದರೆ ಎರಡು ಆಪ್‌ಗಳಿಗೂ ಅದು ತಲುಪುತ್ತದೆ. ಕೆಲಸ ಒಂದು ಸಲ, ಫಲ ಎರಡು ಕಡೆ.

ಇನ್ನೊಂದು ಸಂಗತಿಯೂ ಗಮನಾರ್ಹ. ಒಳಗೆ ಒಂದೇ ಆಗಿದ್ದರೂ ಫೋನಿನ ಕಣ್ಣಿಗೆ ಇವು ಸಂಬಂಧವೇ ಇಲ್ಲದ ಎರಡು ಆಪ್‌ಗಳು. ಕೆ-9ರಲ್ಲಿ ತೆರೆದ ಖಾತೆಗಳು ಥಂಡರ್‌ಬರ್ಡ್ ಹಾಕಿಕೊಂಡೊಡನೆ ತಾವಾಗಿಯೇ ಅಲ್ಲಿ ಕಾಣಿಸುವುದಿಲ್ಲ. ಬಳಕೆದಾರ ಅವನ್ನು ಆಮದು ಮಾಡಿಕೊಳ್ಳಬೇಕು. ಇದು ಏಕೆಂಬುದನ್ನು ಮುಂದೆ ನೋಡೋಣ.

ನಕಲು ಮಾಡಿದರೆ ಏನು ಕೆಡುತ್ತದೆ?

ಸಣ್ಣ ತಂತ್ರಾಂಶ ಸಂಸ್ಥೆಯೊಂದು ಔಷಧದಂಗಡಿಯೊಂದಕ್ಕೆ ಆಪ್ ಮಾಡಿಕೊಟ್ಟಿತು ಎಂದು ಭಾವಿಸೋಣ. ಅದನ್ನು ನೋಡಿ ಪಕ್ಕದ ಊರಿನ ಅಂಗಡಿಯವರೂ ಕೇಳುತ್ತಾರೆ. ಎಲ್ಲರಿಗೂ ಮೊದಲು ಹೊಳೆಯುವ ಸುಲಭ ದಾರಿ ಒಂದೇ: ಇಡೀ ಕಡತಕೋಶವನ್ನು ನಕಲು ಮಾಡುವುದು, ಹೆಸರು ಮತ್ತು ಬಣ್ಣ ಬದಲಿಸುವುದು, ಕೊಟ್ಟುಬಿಡುವುದು. ಒಂದೇ ದಿನದ ಕೆಲಸ. ಎರಡು ವರ್ಷಗಳಲ್ಲಿ ಇಂತಹ ಎಂಟು ನಕಲುಗಳಾಗುತ್ತವೆ.

ಕಷ್ಟ ಆರಂಭವಾಗುವುದು ಇಲ್ಲಿಂದ. ಒಬ್ಬರು ಬಿಲ್ಲಿನಲ್ಲಿ ರಿಯಾಯಿತಿಯ ಸಾಲು ಬೇಕೆಂದರು; ಅವರ ನಕಲಿನಲ್ಲಿ ಮಾತ್ರ ಅದನ್ನು ಸೇರಿಸಲಾಯಿತು. ಇನ್ನೊಬ್ಬರು ವಿಳಾಸದ ಪುಟ ಬೇರೆ ರೀತಿ ಇರಲಿ ಎಂದರು. ಅವರದರಲ್ಲಿ ಅದು ಬದಲಾಯಿತು. ಎಂಟು ನಕಲುಗಳು ಎಂಟು ದಿಕ್ಕಿಗೆ ಬೆಳೆದವು. ಇತ್ತ ಗೂಗಲ್ ಪ್ರತಿವರ್ಷ ‘ಆಪ್‌ಗಳು ಆಂಡ್ರಾಯ್ಡ್‌ನ ಇಂಥ ಆವೃತ್ತಿಗೆ ಹೊಂದಿಕೊಳ್ಳಲೇಬೇಕು’ ಎಂಬ ಮಟ್ಟವನ್ನು ಏರಿಸುತ್ತಾ ಹೋಗುತ್ತದೆ. ಹಣ ಪಾವತಿಯ ಸಂಸ್ಥೆ ತನ್ನ ವಿಧಾನ ಬದಲಿಸುತ್ತದೆ. ಭದ್ರತೆಯ ಲೋಪವೊಂದು ಬೆಳಕಿಗೆ ಬರುತ್ತದೆ. ಪ್ರತಿಯೊಂದು ಸಲವೂ ಎಂಟು ಕಡೆ ಅದೇ ತಿದ್ದುಪಡಿ, ಎಂಟು ಕಡೆ ಪರೀಕ್ಷೆ. ಏಳು ಕಡೆ ಸರಿಯಾಗಿ, ಎಂಟನೆಯದು ಮರೆತುಹೋದರೆ ಅದನ್ನು ಮೊದಲು ಕಂಡುಹಿಡಿಯುವವನು ಆ ಅಂಗಡಿಯ ಗ್ರಾಹಕ.

ಆದ್ದರಿಂದ ಅನುಭವಿಗಳು ಹೇಳುವ ಮೊದಲ ಸೂತ್ರ ಸರಳ: ಕೋಡ್ ಅನ್ನು ನಕಲು ಮಾಡಬೇಡಿ, ಭಿನ್ನವಾದದ್ದನ್ನಷ್ಟೇ ಹೊರಗೆ ತೆಗೆದಿಡಿ. ಕೇಳಲು ಸುಲಭವಾದ ಈ ಮಾತಿನಲ್ಲಿ ನಿಜವಾದ ಪರಿಶ್ರಮವಿರುವುದು ‘ಭಿನ್ನವಾದದ್ದು ಯಾವುದು’ ಎಂದು ಗೆರೆ ಎಳೆಯುವುದರಲ್ಲಿ.

ಕಟ್ಟುವ ಬಗೆ

ಆಂಡ್ರಾಯ್ಡ್ ಆಪ್‌ಗಳನ್ನು ಕಟ್ಟುವ ಗ್ರೇಡಲ್ ಎಂಬ ಸಲಕರಣೆಯಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆಯಿದೆ. ಅದರ ಹೆಸರು ‘ಪ್ರಾಡಕ್ಟ್ ಫ್ಲೇವರ್’. ಸ್ವಾದ ಎಂದೇ ಅದರ ಅರ್ಥ. ‘ಮೇನ್’ ಎಂಬ ಕಡತಕೋಶದಲ್ಲಿ ಎಲ್ಲರಿಗೂ ಸಮಾನವಾದ ಕೋಡ್ ಇರುತ್ತದೆ. ಪ್ರತಿ ಬ್ರ್ಯಾಂಡಿಗೂ ಅದರ ಹೆಸರಿನ ಒಂದೊಂದು ಪುಟ್ಟ ಕಡತಕೋಶ. ಅದರಲ್ಲಿ ಚಿಹ್ನೆ, ಬಣ್ಣಗಳ ಪಟ್ಟಿ, ಹೆಸರು ಮುಂತಾದವು. ಆಪ್ ಸಿದ್ಧಪಡಿಸುವಾಗ ಯಾವ ಬ್ರ್ಯಾಂಡ್ ಎಂದು ತಿಳಿಸಿದರೆ, ಆ ಕೋಶದಲ್ಲಿರುವ ಚಿತ್ರ ಅಥವಾ ಬಣ್ಣ ‘ಮೇನ್’ನಲ್ಲಿರುವ ಅದೇ ಹೆಸರಿನದನ್ನು ಮರೆಮಾಡಿ ತಾನು ಕುಳಿತುಕೊಳ್ಳುತ್ತದೆ. ಚಿತ್ರ, ಬಣ್ಣ, ಮಾತುಗಳಿಗೆ ಈ ಸವಲತ್ತುಂಟು, ಕೋಡ್‌ಗೆ ಇಲ್ಲ. ಒಂದೇ ಕೋಡ್ ಘಟಕ ಎರಡೂ ಕಡೆ ಇದ್ದರೆ ಆಪ್ ಸಿದ್ಧವಾಗುವುದೇ ಇಲ್ಲ. ನಡವಳಿಕೆ ಬೇರೆಯಿರಬೇಕಾದ ಭಾಗವನ್ನು ‘ಮೇನ್’ನಿಂದ ಪೂರ್ತಿ ಹೊರತೆಗೆದು, ಪ್ರತಿ ಬ್ರ್ಯಾಂಡಿನಲ್ಲೂ ಅದರದೇ ರೂಪ ಇಡಬೇಕಾಗುತ್ತದೆ.

ಐಫೋನಿನ ಲೋಕದಲ್ಲಿ ಇದೇ ಕೆಲಸವನ್ನು ಎಕ್ಸ್‌ಕೋಡ್‌ನ ‘ಟಾರ್ಗೆಟ್’ಗಳು ಮತ್ತು ಸಂರಚನಾ ಕಡತಗಳು ಮಾಡುತ್ತವೆ. ಹೆಸರು, ಗುರುತು, ಸರ್ವರ್‌ನ ವಿಳಾಸ ಇವೆಲ್ಲ ಆ ಕಡತದಲ್ಲಿ ಸಾಲುಸಾಲಾಗಿ ಇರುತ್ತವೆ; ಕಡತ ಬದಲಿಸಿದರೆ ಆಪ್ ಬದಲು.

ಇಲ್ಲೊಂದು ಗೊಂದಲವನ್ನು ನಿವಾರಿಸಬೇಕು. ಫೇಸ್‌ಬುಕ್ 2015ರಲ್ಲಿ ಬಿಡುಗಡೆ ಮಾಡಿದ ರಿಯಾಕ್ಟ್ ನೇಟಿವ್, 2018ರ ಡಿಸೆಂಬರ್‌ನಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಗೂಗಲ್‌ನ ಫ್ಲಟರ್ ಮುಂತಾದವು ‘ಒಂದೇ ಕೋಡ್’ ಎಂಬ ಮಾತಿನಿಂದಲೇ ಪ್ರಸಿದ್ಧವಾದವು. ಆದರೆ ಅವು ಬಿಡಿಸಿದ್ದು ಬೇರೆ ಒಗಟು: ಒಂದೇ ಆಪ್ ಆಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ಓಡಬೇಕೆಂಬುದು. ಒಂದೇ ಆಪ್ ಹತ್ತು ಹೆಸರಿನಲ್ಲಿ ಇರಬೇಕೆಂಬುದು ಇನ್ನೊಂದು ಒಗಟು. ಫ್ಲಟರ್ ಬಳಸಿದರೂ ಪ್ರತಿ ಬ್ರ್ಯಾಂಡಿನ ಚಿಹ್ನೆ, ಗುರುತುಗಳನ್ನು ಎರಡೂ ಕಡೆ ಹೊಂದಿಸುವ ಕೆಲಸ ಉಳಿದೇ ಇರುತ್ತದೆ.

ಭಿನ್ನತೆಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಳ್ಳುವುದು ಅನುಕೂಲ. ಮೊದಲನೆಯದು ಬರೀ ಮಾಹಿತಿ: ಹೆಸರು, ಬಣ್ಣ, ದೂರವಾಣಿ ಸಂಖ್ಯೆ, ಸರ್ವರ್ ವಿಳಾಸ. ಎರಡನೆಯದು ಸ್ವಿಚ್‌ಗಳು: ಈ ಬ್ರ್ಯಾಂಡಿಗೆ ಮನೆಗೆ ತಲುಪಿಸುವ ಸೇವೆ ಇದೆಯೇ, ಇಲ್ಲವೇ? ಮೂರನೆಯದು ನಡವಳಿಕೆ: ಒಬ್ಬರ ಪಾವತಿ ವ್ಯವಸ್ಥೆಯೇ ಬೇರೆ, ಲೆಕ್ಕಾಚಾರವೇ ಬೇರೆ. ಮೊದಲ ಬಗೆ ಅಗ್ಗ, ಮೂರನೆಯದು ದುಬಾರಿ. ಮೂರನೆಯದನ್ನು ಎರಡನೆಯದಾಗಿ, ಎರಡನೆಯದನ್ನು ಮೊದಲನೆಯದಾಗಿ ಇಳಿಸಬಲ್ಲವರೇ ಈ ವಿದ್ಯೆಯಲ್ಲಿ ಪಳಗಿದವರು.

ಕೋಡ್‌ನ ನಡುವೆ ಎಲ್ಲೆಂದರಲ್ಲಿ ‘ಇದು ಇಂಥ ಅಂಗಡಿಯಾದರೆ ಹೀಗೆ ಮಾಡು’ ಎಂದು ಹೆಸರು ಹಿಡಿದು ಬರೆಯುವುದು ಬಲುದೊಡ್ಡ ತಪ್ಪು. ಮೂರು ಗ್ರಾಹಕರಿರುವಾಗ ಅದು ನಡೆಯುತ್ತದೆ. ಮೂವತ್ತಾದಾಗ ಯಾವ ಸಾಲು ಯಾರಿಗಾಗಿ ಇದೆ ಎಂದು ಬರೆದವರಿಗೂ ತಿಳಿಯುವುದಿಲ್ಲ. ‘ಇಂಥ ಅಂಗಡಿಯೇ?’ ಎಂದು ಕೇಳುವ ಬದಲು ‘ಈ ಸೌಲಭ್ಯ ಇದೆಯೇ?’ ಎಂದು ಕೇಳುವಂತೆ ಬರೆದರೆ, ಹೊಸ ಗ್ರಾಹಕ ಬಂದಾಗ ಕೋಡ್ ಮುಟ್ಟಬೇಕಾಗಿಲ್ಲ. ಪಟ್ಟಿಯಲ್ಲಿ ಹೌದು ಅಥವಾ ಇಲ್ಲ ಎಂದು ತುಂಬಿದರಾಯಿತು.

ಹೆಸರಿಗಿಂತ ಆಳದ ಭಿನ್ನತೆ

ಅಚ್ಚು ಬೇರೆಯಾಗಲು ಕಾರಣ ಬರೀ ಅಲಂಕಾರವಲ್ಲ ಎಂಬುದಕ್ಕೆ ಮೊಝಿಲ್ಲಾ ಸಂಸ್ಥೆಯ ಫೈರ್‌ಫಾಕ್ಸ್ ಫೋಕಸ್ ಒಳ್ಳೆಯ ಉದಾಹರಣೆ. ಜಾಲತಾಣಗಳು ಬಳಕೆದಾರರ ಬೆನ್ನುಹತ್ತುವುದನ್ನು ತಡೆಯುವ ಈ ಬ್ರೌಸರ್ 2016ರಲ್ಲಿ ಐಫೋನಿಗೂ 2017ರಲ್ಲಿ ಆಂಡ್ರಾಯ್ಡ್‌ಗೂ ಬಂತು. ಜರ್ಮನಿಯಲ್ಲಿ ಅದೇ ಹೆಸರಿನ ಪ್ರಸಿದ್ಧ ವಾರಪತ್ರಿಕೆಯೊಂದಿದೆ. ಗೊಂದಲ ಬೇಡವೆಂದು ಜರ್ಮನ್ ಭಾಷಿಕರಿಗೆ ಅದು ‘ಫೈರ್‌ಫಾಕ್ಸ್ ಕ್ಲಾರ್’ ಆಯಿತು. ಆದರೆ ಬದಲಾದದ್ದು ಹೆಸರೊಂದೇ ಅಲ್ಲ. ಫೋಕಸ್‌ನಲ್ಲಿ ಬಳಕೆಯ ಅಂಕಿಅಂಶ ಸಂಸ್ಥೆಗೆ ರವಾನೆಯಾಗುವ ವ್ಯವಸ್ಥೆ ಮೊದಲೇ ಚಾಲೂ ಇರುತ್ತಿತ್ತು. ಕ್ಲಾರ್‌ನಲ್ಲಿ ಅದನ್ನು ಮೊದಲಿನಿಂದಲೇ ಆರಿಸಿಡಲಾಗಿತ್ತು. ಖಾಸಗಿತನದ ವಿಷಯದಲ್ಲಿ ಎರಡು ನೀತಿ, ಆದರೆ ಕೋಡ್ ಒಂದೇ. ನಡುವೆ ಇದ್ದದ್ದು ಒಂದು ಸ್ವಿಚ್.

ಕಿವಿಕ್ಸ್ ಎಂಬ ಮುಕ್ತ ಯೋಜನೆಯದು ಇನ್ನೊಂದು ಬಗೆ. 2007ರಲ್ಲಿ ಆರಂಭವಾದ ಇದು ವಿಕಿಪೀಡಿಯವನ್ನು ಅಂತರ್ಜಾಲ ಸಂಪರ್ಕವಿಲ್ಲದೆಯೂ ಓದುವಂತೆ ಮಾಡುತ್ತದೆ. ಇದೇ ಓದುಗ ತಂತ್ರಾಂಶಕ್ಕೆ ವೈದ್ಯಕೀಯ ಲೇಖನಗಳ ಕಟ್ಟನ್ನು ಜೋಡಿಸಿ ‘ವಿಕಿಮೆಡ್’ ಎಂಬ ಆಪ್ ಆಗಿ, ಹಲವು ಭಾಷೆಗಳಲ್ಲಿ ಬಿಡುಗಡೆ ಮಾಡಲಾಯಿತು. ಹೊಸ ಭಾಷೆಗೆ ಹೊಸ ಆಪ್ ಬೇಕೆಂದರೆ ಬೇಕಾದದ್ದು ಇಷ್ಟೇ: ಒಂದು ಚಿಹ್ನೆ, ಒಂದು ಹೆಸರು, ಲೇಖನಗಳ ಕಟ್ಟು ಎಲ್ಲಿದೆ ಎಂಬ ವಿವರವುಳ್ಳ ಒಂದು ಚಿಕ್ಕ ಕಡತ.

ವೇಗದ ದೃಷ್ಟಿಯಿಂದ ಕೋವಿಡ್ ಕಾಲದ ಪ್ರಸಂಗವೊಂದನ್ನು ನೆನೆಯಬಹುದು. ಸೋಂಕಿತರ ಸಮೀಪ ಇದ್ದವರಿಗೆ ಎಚ್ಚರಿಕೆ ಕಳುಹಿಸುವ ವ್ಯವಸ್ಥೆಯನ್ನು ಆಪಲ್ ಮತ್ತು ಗೂಗಲ್ ಒಟ್ಟಾಗಿ ರೂಪಿಸಿದ್ದವು. ಅಮೆರಿಕದ ಒಂದೊಂದು ರಾಜ್ಯವೂ ತನ್ನದೇ ಆಪ್ ಬರೆಸುತ್ತಾ ಕೂರುವುದು ವಿಳಂಬಕ್ಕೆ ದಾರಿಯಾಗಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಹೊಸ ಏರ್ಪಾಟಿನಂತೆ, ಆರೋಗ್ಯ ಇಲಾಖೆ ತನ್ನ ಹೆಸರು, ಲಾಂಛನ, ಸೂಚನೆಗಳನ್ನು ಒಪ್ಪಿಸಿದರೆ ಸಾಕು, ಆಂಡ್ರಾಯ್ಡ್ ಆಪ್ ಅನ್ನು ಗೂಗಲ್ ತಾನೇ ಸಿದ್ಧಪಡಿಸಿಕೊಡುತ್ತಿತ್ತು. ತುರ್ತಿನ ಕಾಲದಲ್ಲಿ ಇಲಾಖೆಗಳಿಂದ ಕೇಳಿದ್ದು ಅಚ್ಚನ್ನು ಮಾತ್ರ. ಪಾಕ ಮೊದಲೇ ಸಿದ್ಧವಿತ್ತು.

ಕನ್ನಡಕ್ಕೆ ಬಂದಾಗ

ಈ ಪದ್ಧತಿ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಬಲ್ಲದು. ಸಮಾನ ಕೋಡ್‌ಗೆ ಒಮ್ಮೆ ಕನ್ನಡ ಸೇರಿಸಿದರೆ ಅದರಿಂದ ಹುಟ್ಟುವ ಎಲ್ಲ ಆಪ್‌ಗಳೂ ಕನ್ನಡ ಮಾತನಾಡುತ್ತವೆ. ಒಂದೊಂದು ಸಂಸ್ಥೆಯನ್ನೂ ಬೇರೆಬೇರೆಯಾಗಿ ಒತ್ತಾಯಿಸಬೇಕಾಗಿಲ್ಲ. ಆದರೆ ಎರಡು ಎಡವುಗಲ್ಲುಗಳಿವೆ.

ಮೊದಲನೆಯದು ನಮ್ಮ ವಿಭಕ್ತಿ ಪ್ರತ್ಯಯ. ಇಂಗ್ಲಿಷಿನಲ್ಲಿ ಸ್ವಾಗತದ ವಾಕ್ಯ ಬರೆದು ಹೆಸರಿನ ಜಾಗವನ್ನು ಖಾಲಿ ಬಿಟ್ಟರೆ ಯಾವ ಬ್ರ್ಯಾಂಡಿನ ಹೆಸರನ್ನು ತುಂಬಿದರೂ ವಾಕ್ಯ ಕೆಡುವುದಿಲ್ಲ. ಕನ್ನಡದಲ್ಲಿ ಖಾಲಿ ಜಾಗದ ಮುಂದೆ ‘ಗೆ ಸ್ವಾಗತ’ ಎಂದು ಬರೆದಿಟ್ಟರೆ ‘ಕಾವೇರಿಗೆ ಸ್ವಾಗತ’ ಸರಿಹೋಗುತ್ತದೆ. ಆದರೆ ಅದೇ ಆಪ್ ‘ಮಂದಿರ’ ಎಂಬ ಹೆಸರಿನ ಸಂಸ್ಥೆಗೆ ಹೋದಾಗ ‘ಮಂದಿರಗೆ ಸ್ವಾಗತ’ ಎನ್ನುತ್ತದೆ, ‘ಮಂದಿರಕ್ಕೆ’ ಆಗಬೇಕಿತ್ತು. ‘ಗುರು’ ಎಂಬ ಹೆಸರಿದ್ದರೆ ‘ಗುರುವಿಗೆ’ ಆಗಬೇಕು. ಷಷ್ಠಿಯಲ್ಲೂ ಇದೇ ಪಾಡು: ಕಾವೇರಿಯ, ಮಂದಿರದ, ಗುರುವಿನ. ಇದಕ್ಕೆ ಸುಲಭ ಪರಿಹಾರ ಪ್ರತ್ಯಯವನ್ನು ಬದಲಾಗದ ಪದಕ್ಕೆ ಅಂಟಿಸುವುದು: ‘ಕಾವೇರಿ ಆಪ್‌ಗೆ ಸ್ವಾಗತ’, ‘ಮಂದಿರ ಆಪ್‌ಗೆ ಸ್ವಾಗತ’. ಇನ್ನೂ ಅಂದವಾಗಿ ಬೇಕೆಂದರೆ ಪ್ರತಿ ಬ್ರ್ಯಾಂಡಿನ ಕಡತದಲ್ಲಿಯೇ ಅದರ ಹೆಸರಿನ ವಿಭಕ್ತಿ ರೂಪಗಳನ್ನು ಬರೆದಿಡಬೇಕು. ಭಾಷೆ ಬಲ್ಲವರು ಅರ್ಧ ಗಂಟೆಯಲ್ಲಿ ಮಾಡಬಹುದಾದ ಕೆಲಸವಿದು, ಅವರನ್ನು ಕೇಳಬೇಕಷ್ಟೇ.

ಎರಡನೆಯದು ಇನ್ನೂ ಸೂಕ್ಷ್ಮ. ಆಂಡ್ರಾಯ್ಡ್‌ನಲ್ಲಿ ಕನ್ನಡದ ಮಾತುಗಳಿಗೆ ಪ್ರತ್ಯೇಕ ಕೋಶವಿರುತ್ತದೆ. ಸಮಾನ ಭಾಗದ ಕನ್ನಡ ಕೋಶದಲ್ಲಿ ಯಾರೋ ಮೊದಲ ಗ್ರಾಹಕನ ಹೆಸರನ್ನು ಬರೆದಿಟ್ಟಿದ್ದಾರೆ ಎಂದುಕೊಳ್ಳಿ. ಎರಡನೆಯ ಗ್ರಾಹಕನ ಕೋಶದಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ಮಾತ್ರ ಬದಲಿಸಲಾಗಿದೆ. ಇಂಗ್ಲಿಷ್ ಫೋನಿನಲ್ಲಿ ಎಲ್ಲವೂ ಸರಿ. ಕನ್ನಡವನ್ನು ಆಯ್ದುಕೊಂಡವರ ಫೋನಿನಲ್ಲಿ ಮಾತ್ರ ಎರಡನೆಯ ಸಂಸ್ಥೆಯ ಆಪ್ ಮೊದಲ ಸಂಸ್ಥೆಯ ಹೆಸರನ್ನು ಹೊತ್ತು ಕಾಣಿಸಿಕೊಳ್ಳುತ್ತದೆ! ಪರೀಕ್ಷಿಸುವವರು ಇಂಗ್ಲಿಷಿನಲ್ಲಿಯೇ ಪರೀಕ್ಷಿಸಿದರೆ ಇದು ಎಂದೂ ಸಿಕ್ಕಿಬೀಳುವುದಿಲ್ಲ. ಬ್ರ್ಯಾಂಡಿನ ಹೆಸರು ಸಮಾನ ಭಾಗದಲ್ಲಿ ಯಾವ ಭಾಷೆಯಲ್ಲೂ ಇರಕೂಡದೆಂಬುದು ಇದರ ಪಾಠ.

ಆಪ್ ಅಂಗಡಿಯ ಕಟ್ಟಳೆ

ಒಂದೇ ಕೋಡ್‌ನಿಂದ ನೂರು ಆಪ್ ಮಾಡಬಹುದೆಂದ ಮಾತ್ರಕ್ಕೆ ನೂರನ್ನೂ ಅಂಗಡಿಯಲ್ಲಿಡಲು ಬಿಡುವುದಿಲ್ಲ. 2017ರಲ್ಲಿ ಆಪಲ್ ಸಂಸ್ಥೆ ಸಿದ್ಧ ಮಾದರಿಗಳಿಂದ ತಯಾರಾದ ಆಪ್‌ಗಳನ್ನು ತಿರಸ್ಕರಿಸುವುದಾಗಿ ತನ್ನ ನಿಯಮಾವಳಿಯಲ್ಲಿ ಸೇರಿಸಿತು. ಒಂದೇ ತರಹದ ಕಳಪೆ ಆಪ್‌ಗಳ ಹಾವಳಿ ತಡೆಯುವುದು ಉದ್ದೇಶ. ಆದರೆ ಸಣ್ಣ ಹೋಟೆಲುಗಳು, ಪ್ರಾರ್ಥನಾ ಮಂದಿರಗಳು, ಸೇವಾಸಂಸ್ಥೆಗಳು ಆಪ್ ಹೊಂದಲು ಇದ್ದ ಅಗ್ಗದ ದಾರಿಯೇ ಅದಾಗಿತ್ತು. ಅಮೆರಿಕದ ಸಂಸತ್ ಸದಸ್ಯ ಟೆಡ್ ಲಿಯು ಅವರು ಆಪಲ್‌ಗೆ ಪತ್ರ ಬರೆದು ಆಕ್ಷೇಪಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಿಯಮ ಸಡಿಲವಾಯಿತು. ತಿದ್ದಿದ ನಿಯಮದ ತಿರುಳು ಇಷ್ಟು: ಮಾದರಿಯಿಂದ ಮಾಡಿದ್ದಾದರೂ ಅಡ್ಡಿಯಿಲ್ಲ, ಆದರೆ ಆಪ್‌ನ ಒಳಗಿನ ವಿಷಯ ಯಾರದೋ ಅವರೇ ತಮ್ಮ ಖಾತೆಯಿಂದ ಅದನ್ನು ಸಲ್ಲಿಸಬೇಕು, ತಯಾರಕ ಸಂಸ್ಥೆ ಎಲ್ಲರ ಪರವಾಗಿ ಸಲ್ಲಿಸುವಂತಿಲ್ಲ. ಅದು ಬೇಡವಾದರೆ ಒಂದೇ ಆಪ್‌ನೊಳಗೆ ಎಲ್ಲ ಗ್ರಾಹಕರಿಗೂ ಒಂದೊಂದು ಪುಟ ಕೊಡಿ ಎಂಬುದು ಆಪಲ್ ಸೂಚಿಸುವ ಇನ್ನೊಂದು ದಾರಿ. ಗೂಗಲ್ ಪ್ಲೇ ಕೂಡ ಹೊಸದೇನೂ ಇಲ್ಲದ, ಒಂದರಂತೆ ಒಂದಿರುವ ಆಪ್‌ಗಳನ್ನು ತಡೆಯುವ ನೀತಿ ಹೊಂದಿದೆ.

ಮೇಲ್ನೋಟಕ್ಕೆ ಕಿರಿಕಿರಿಯೆನಿಸುವ ಆಪಲ್‌ನ ಈ ನಿಯಮದಲ್ಲಿ ಗ್ರಾಹಕ ಸಂಸ್ಥೆಗೆ ಒಂದು ರಕ್ಷಣೆಯಿದೆ. ಆಪ್ ಯಾರ ಹೆಸರಿನಲ್ಲಿದೆಯೋ ಅವರ ಖಾತೆಯಲ್ಲಿಯೇ ಅದು ಇರುವಂತಾಗುತ್ತದೆ. ಖಾತೆಗೆ ಆಪಲ್‌ನಲ್ಲಿ ವರ್ಷಕ್ಕೆ 99 ಡಾಲರ್, ಗೂಗಲ್‌ನಲ್ಲಿ ಒಂದು ಬಾರಿಗೆ 25 ಡಾಲರ್ ಶುಲ್ಕ. ಈ ಹಣ ಉಳಿಸಲೆಂದು ‘ನಿಮ್ಮ ಖಾತೆಯಲ್ಲೇ ಹಾಕಿಬಿಡಿ’ ಎಂದು ತಯಾರಕರಿಗೆ ಹೇಳುವ ಸಂಸ್ಥೆಗಳು ಏನನ್ನು ಬಿಟ್ಟುಕೊಡುತ್ತಿವೆ ಎಂಬುದನ್ನು ಈಗ ನೋಡೋಣ.

ಬೀಗದ ಕೈ ಯಾರ ಬಳಿ?

ಪ್ರತಿಯೊಂದು ಆಂಡ್ರಾಯ್ಡ್ ಆಪ್‌ಗೂ ಒಂದು ವಿಶಿಷ್ಟ ಗುರುತು ಇರುತ್ತದೆ. ಪ್ಲೇ ಸ್ಟೋರ್‌ನಲ್ಲಿ ಪ್ರಕಟವಾದ ಮೇಲೆ ಅದನ್ನು ಬದಲಿಸಲಾಗದು. ಜೊತೆಗೆ ಪ್ರತಿ ಆಪ್‌ಗೂ ಒಂದು ಗುಪ್ತ ಕೀಲಿಯಿಂದ ಸಹಿ ಬೀಳುತ್ತದೆ. ಗುರುತು ಅದೇ, ಸಹಿಯೂ ಅದೇ ಆದಾಗ ಮಾತ್ರ ಫೋನು ಹೊಸದನ್ನು ಹಳೆಯದರ ಮುಂದಿನ ಆವೃತ್ತಿಯೆಂದು ಒಪ್ಪುತ್ತದೆ. ಗುರುತು ಬೇರೆಯಾದರೆ ಅದು ಬೇರೆಯೇ ಆಪ್. ಕೆ-9ರ ಖಾತೆಗಳು ಥಂಡರ್‌ಬರ್ಡ್‌ನಲ್ಲಿ ತಾವಾಗಿ ಕಾಣಿಸದಿರಲು ಕಾರಣ ಇದೇ. ಒಂದು ಆಪ್‌ನ ಕಡತಗಳನ್ನು ಇನ್ನೊಂದು ಓದದಂತೆ ಫೋನು ಗೋಡೆ ಕಟ್ಟುತ್ತದೆ.

2021ರ ಆಗಸ್ಟ್‌ನಿಂದ ಪ್ಲೇ ಸ್ಟೋರ್‌ಗೆ ಬರುವ ಹೊಸ ಆಪ್‌ಗಳ ಸಹಿಯ ಕೀಲಿಯನ್ನು ಗೂಗಲ್ ತನ್ನಲ್ಲಿ ಇಟ್ಟುಕೊಳ್ಳುವ ಪದ್ಧತಿ ಬಂದಿದೆ. ಇದರಿಂದ ಕೀಲಿ ಕಳೆದುಹೋಗುವ ಭಯ ತಗ್ಗಿತು. ಆದರೆ ಖಾತೆ ಯಾರದು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಖಾತೆ ತಯಾರಕರದಾಗಿದ್ದು, ನಾಳೆ ಅವರೊಡನೆ ಮನಸ್ತಾಪವಾದರೆ ಅಥವಾ ಅವರು ಬಾಗಿಲು ಹಾಕಿಕೊಂಡರೆ, ಆಪ್ ಅನ್ನು ಬೇರೆ ಖಾತೆಗೆ ವರ್ಗಾಯಿಸಲು ಅವರ ಒಪ್ಪಿಗೆಯೇ ಬೇಕು. ಅದು ಸಿಗದಿದ್ದರೆ ಹೊಸ ಗುರುತಿನ ಹೊಸ ಆಪ್ ಮಾಡಿಸಿ, ಸಾವಿರಾರು ಗ್ರಾಹಕರಿಗೆ ‘ಹಳೆಯದನ್ನು ತೆಗೆದು ಇದನ್ನು ಹಾಕಿಕೊಳ್ಳಿ’ ಎಂದು ಬೇಡಿಕೊಳ್ಳಬೇಕು. ಹೆಸರು ನಿಮ್ಮದು, ಆದರೆ ಮನೆ ಬೇರೆಯವರದು ಎಂಬಂತಾಗುತ್ತದೆ.

ಎರಡನೆಯ ಅಪಾಯ ಪಾಕಕ್ಕೆ ಸಂಬಂಧಿಸಿದ್ದು. ಒಂದು ಅಚ್ಚಿನಲ್ಲಿ ಬಿರುಕಿದ್ದರೆ ಒಂದು ಗಿಳಿ ಕೆಡುತ್ತದೆ. ಪಾಕವೇ ಸೀದರೆ ತಟ್ಟೆ ತುಂಬ ಕೆಡುತ್ತದೆ. ಸಮಾನ ಕೋಡ್‌ನ ಒಂದು ತಿದ್ದುಪಡಿ ಎಲ್ಲರಿಗೂ ಒಮ್ಮೆಲೇ ತಲುಪುವಂತೆಯೇ ಒಂದು ಲೋಪವೂ ಎಲ್ಲರಿಗೂ ತಲುಪುತ್ತದೆ. ಹಲವರು ಒಬ್ಬರನ್ನೇ ನೆಚ್ಚಿಕೊಂಡಾಗ ಆಗುವುದೇನು ಎಂಬುದನ್ನು ನಮ್ಮ ದೇಶ 2024ರ ಜುಲೈ ಕೊನೆಯಲ್ಲಿ ಕಂಡಿತು. ಸಹಕಾರಿ ಮತ್ತು ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುತ್ತಿದ್ದ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯ ವ್ಯವಸ್ಥೆಯ ಮೇಲೆ ರಾನ್ಸಮ್‌ವೇರ್ ದಾಳಿಯಾದಾಗ, ರಾಷ್ಟ್ರೀಯ ಪಾವತಿ ನಿಗಮವು ಅದನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಗೆ ಅಡಚಣೆಯಾಯಿತು. ಆಗಸ್ಟ್ 1ರ ಹೊತ್ತಿಗೆ ಸಂಪರ್ಕ ಮರುಸ್ಥಾಪನೆಯಾಯಿತು. ಅದು ಆಪ್‌ನ ಕೋಡ್‌ನಲ್ಲಿದ್ದ ಲೋಪವಲ್ಲ, ಹಿಂಬದಿಯ ವ್ಯವಸ್ಥೆಗೆ ಬಂದ ಸಂಕಟ. ಆದರೆ ತರ್ಕ ಒಂದೇ: ಗ್ರಾಹಕರ ಕಣ್ಣಿಗೆ 300 ಬ್ಯಾಂಕು, ಹಿಂದೆ ಒಂದೇ ಕಂಬ.

ಹಾಗೆಂದು ಪ್ರತಿಯೊಬ್ಬರೂ ಸ್ವಂತ ಕೋಡ್ ಬರೆಸಿಕೊಳ್ಳುವುದು ಪರಿಹಾರವಲ್ಲ. ಸಣ್ಣ ಬ್ಯಾಂಕೊಂದು ತಾನೇ ಬರೆಸಿದ ಆಪ್ ಹೆಚ್ಚು ಸುರಕ್ಷಿತವಾಗಿರುತ್ತದೆಂದು ನಂಬಲು ಕಾರಣವಿಲ್ಲ. ನುರಿತ ತಂಡವೊಂದು ಹತ್ತು ಜನರಿಗಾಗಿ ಕಾಯುವ ಕೋಡ್ ಸಾಮಾನ್ಯವಾಗಿ ಮೇಲು. ಬೇಕಾಗಿರುವುದು ಎಚ್ಚರ. ಹೊಸ ಆವೃತ್ತಿಯನ್ನು ಎಲ್ಲ ಬ್ರ್ಯಾಂಡುಗಳಿಗೂ ಒಂದೇ ದಿನ ಬಿಡದೆ, ಮೊದಲು ಒಂದಕ್ಕೆ, ಅದರಲ್ಲೂ ಕೆಲವೇ ಶೇಕಡಾ ಬಳಕೆದಾರರಿಗೆ ಬಿಟ್ಟು, ನೋಡಿಕೊಂಡು ಮುಂದುವರಿಯುವ ಸೌಲಭ್ಯ ಪ್ಲೇ ಸ್ಟೋರ್‌ನಲ್ಲಿಯೇ ಇದೆ. ಸಮಾನ ಕೋಡ್‌ನಲ್ಲಿ ಏನೇ ಬದಲಾದರೂ ಎಲ್ಲ ಬ್ರ್ಯಾಂಡುಗಳ ಆಪ್‌ಗಳನ್ನೂ ಯಂತ್ರವೇ ಕಟ್ಟಿ ಪರೀಕ್ಷಿಸುವಂತೆ ಏರ್ಪಾಟು ಮಾಡುವುದು ತಯಾರಕರ ಕರ್ತವ್ಯ.

ಸಹಿ ಹಾಕುವ ಮುನ್ನ

ತಮ್ಮ ಹೆಸರಿನ ಆಪ್ ಮಾಡಿಸಿಕೊಳ್ಳಲು ಹೊರಟ ಸಂಘ, ಶಾಲೆ, ಆಸ್ಪತ್ರೆ, ಅಂಗಡಿಗಳ ಆಡಳಿತ ಮಂಡಳಿಯವರು ಒಪ್ಪಂದಕ್ಕೆ ಮುನ್ನ ಈ ಪ್ರಶ್ನೆಗಳನ್ನು ಕೇಳುವುದು ಒಳಿತು:

1. ಆಪಲ್ ಮತ್ತು ಗೂಗಲ್‌ನ ಖಾತೆಗಳು ಯಾರ ಹೆಸರಿನಲ್ಲಿರುತ್ತವೆ? ನಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಒಪ್ಪಂದ ಮುಗಿದಾಗ ವರ್ಗಾಯಿಸುವ ಮಾತು ಲಿಖಿತವಾಗಿದೆಯೇ?

2. ಇದು ಸಮಾನ ಕೋಡ್‌ನಿಂದ ಬರುವ ಆಪ್ ಆಗಿದ್ದರೆ, ಬೇರೆ ಗ್ರಾಹಕರಿಗಾಗಿ ಮಾಡಿದ ದೋಷ ಪರಿಹಾರ ನಮಗೂ ತಾನಾಗಿ ಬರುತ್ತದೆಯೇ, ಅಥವಾ ನಮ್ಮದು ಹಳೆಯ ನಕಲೇ?

3. ನಮ್ಮ ಗ್ರಾಹಕರ ಮಾಹಿತಿ ಬೇರೆಯವರ ಮಾಹಿತಿಯಿಂದ ಹೇಗೆ ಬೇರ್ಪಟ್ಟಿದೆ?

4. ಕನ್ನಡದಲ್ಲಿ ಆಪ್ ಅನ್ನು ಯಾರು ಪರೀಕ್ಷಿಸುತ್ತಾರೆ?

5. ತಯಾರಕರ ಕಡೆ ಅಡಚಣೆಯಾದರೆ ನಮಗೆ ಯಾರು, ಎಷ್ಟು ಹೊತ್ತಿನಲ್ಲಿ ತಿಳಿಸುತ್ತಾರೆ?

ಇವುಗಳಲ್ಲಿ ಒಂದೂ ತಾಂತ್ರಿಕ ಪರಿಣತಿ ಬೇಡುವ ಪ್ರಶ್ನೆಯಲ್ಲ. ಸಾಮಾನ್ಯ ಬಳಕೆದಾರರೂ ಒಂದು ಸಂಗತಿಯನ್ನು ಸುಲಭವಾಗಿ ನೋಡಿಕೊಳ್ಳಬಹುದು. ಆಪ್ ಅಂಗಡಿಯಲ್ಲಿ ಆಪ್‌ನ ಹೆಸರಿನ ಕೆಳಗೆ ಅದನ್ನು ಪ್ರಕಟಿಸಿದವರ ಹೆಸರಿರುತ್ತದೆ. ಬ್ಯಾಂಕಿನ ಆಪ್‌ನ ಕೆಳಗೆ ಬ್ಯಾಂಕಿನದಲ್ಲದ ಹೆಸರು ಕಂಡರೆ ಅದು ಮೋಸವೆಂದೇ ಅರ್ಥವಲ್ಲ, ತಯಾರಕರ ಹೆಸರೂ ಇರಬಹುದು. ಆದರೆ ಹಾಕಿಕೊಳ್ಳುವ ಮುನ್ನ ಬ್ಯಾಂಕಿನ ಶಾಖೆಯಲ್ಲಿ ಒಮ್ಮೆ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಜಾಣತನ. ನಕಲಿ ಆಪ್‌ಗಳ ಹಾವಳಿಯ ಈ ದಿನಗಳಲ್ಲಿ ಅಷ್ಟು ಸಂಶಯ ತಪ್ಪೇನಲ್ಲ.

ಕೆ-9 ಮತ್ತು ಥಂಡರ್‌ಬರ್ಡ್‌ಗಳ ವಿಷಯದಲ್ಲಿ ಈ ಎಲ್ಲಕ್ಕೂ ಉತ್ತರ ಬಹಿರಂಗವಾಗಿಯೇ ಇದೆ: ಎರಡೂ ಒಂದೇ ಎಂದು ತಂಡವೇ ಹೇಳುತ್ತದೆ, ಕೋಡ್ ಎಲ್ಲರೂ ನೋಡುವಂತಿದೆ. ಉಳಿದ ಆಪ್‌ಗಳ ಹಿಂದೆ ಇರುವ ಪಾಕ ಯಾರ ಮನೆಯದು ಎಂಬುದನ್ನು ಕೇಳಿಯೇ ತಿಳಿಯಬೇಕು.